ಮಣಿಕಟ್ಟಿನ ಮೇಲೆ ಎರಡು ಬೆರಳು

ನಾನು ನರ್ಸು. ಜಮಖಂಡಿಯ ಆಸ್ಪತ್ರೆಯೊಂದರಲ್ಲಿ ಹನ್ನೊಂದು ವರ್ಷದಿಂದ, ಇನ್ಸುಲಿನ್ ಹೇಗೆ ಚುಚ್ಚಿಕೊಳ್ಳಬೇಕೆಂದು ಊರ ಮಂದಿಗೆಲ್ಲ ಪಾಠ ಹೇಳುತ್ತ ಬಂದಿದ್ದೇನೆ. ಸ್ವಂತ ಅಪ್ಪನಿಗೆ ಮಾತ್ರ ಎರಡೇ ನಿಮಿಷದಲ್ಲಿ ಹೇಳಿ ಬಸ್ಸಿಗೆ ಓಡಿದೆ.

ಅಪ್ಪ ಗೂಳಪ್ಪ ಬನಹಟ್ಟಿಯಲ್ಲಿ ಮೂವತ್ತೈದು ವರ್ಷದಿಂದ ಪವರ್‌ಲೂಮ್ ನಡೆಸುತ್ತಿರುವವನು. ಮಗ್ಗದ ಖಟಪಟ ಅವನ ಕಿವಿಯನ್ನು ಎಂದೋ ತಿಂದುಹಾಕಿದೆ. ಅಲ್ಲಿ ಯಾರೂ ಯಾರನ್ನೂ ಕೂಗಿ ಕರೆಯುವುದಿಲ್ಲ, ಮುಟ್ಟಿ ಕರೆಯುತ್ತಾರೆ. ಅವ್ವ ಶೇವಂತಿ ಇರುವವರೆಗೆ ದಿನಾ ಬೆಳಿಗ್ಗೆ ಅವಳೇ ಅವನಿಗೆ ಚುಚ್ಚುತ್ತಿದ್ದಳು. ಮುಗಿದ ಮೇಲೆ ಅವನ ಮಣಿಕಟ್ಟಿನ ಮೇಲೆ ಎರಡು ಬೆರಳಿಂದ ತಟ್ಟುವಳು. ಆತು ಅಂತ ಅರ್ಥ. ಅವಳು ಹೋಗಿ ಒಂದು ವರ್ಷವಾಯಿತು. ಆಮೇಲೆ ಅಪ್ಪ ತಾನೇ ಚುಚ್ಚಿಕೊಳ್ಳತೊಡಗಿದ. ಹಳೆಯ ಇನ್ಸುಲಿನ್ ಪೆನ್ನಿನ ಗುಂಡಿ ಬಿಗಿ. ಮದ್ದು ಪೂರ್ತಿ ಇಳಿದಾಗ ಹೆಬ್ಬೆರಳಿಗೆ ಕಟ್ ಎಂದು ತಾಗುತ್ತಿತ್ತು.

ಹೊಸ ಪೆನ್ನು ತಂದವಳು ನಾನೇ. ಹಗುರ, ಚೆಂದ. ಬೆರಳಿಟ್ಟರೆ ಸಾಕು, ಮದ್ದು ತಾನೇ ಇಳಿಯುತ್ತದೆ, ಮುಗಿದಾಗ ಬೀಪ್ ಅನ್ನುತ್ತದೆ. "ಸಣ್ಣ ಹುಡುಗ್ರೂ ಬಳಸಬಹುದು ಮೇಡಂ" ಎಂದಿದ್ದ ಕಂಪನಿಯವನು. ಹಳೆಯದೇ ಇರಲಿ ಎಂದು ಅಪ್ಪ ಗೊಣಗಿದ. ಹಟಮಾರಿ ಎಂದು ಬೈದೆ.

ಮರುದಿನವೇ ಅವನು ಮಗ್ಗದ ಬುಡದಲ್ಲಿ ಬೆವೆತು ಕುಸಿದುಬಿದ್ದ. ಪಕ್ಕದ ಮಗ್ಗ ನಡೆಸುವ ರಾಜಕುಮಾರ ಅವನನ್ನು ಗಾಡಿಯಲ್ಲಿ ಹಾಕಿಕೊಂಡು ಜಮಖಂಡಿಗೆ, ನನ್ನ ವಾರ್ಡಿಗೇ ತಂದ. ಸಕ್ಕರೆ ಪೂರ್ತಿ ಇಳಿದಿತ್ತು. ಗ್ಲೂಕೋಸ್ ಏರಿಸಿ, ಅವನು ಕಣ್ಣು ತೆರೆಯುವವರೆಗೆ ಜೀವ ಕೈಯಲ್ಲಿ ಹಿಡಿದು ಕೂತೆ.

"ಬೆರಳಿಗೆ ಏನೂ ತಾಗಲಿಲ್ಲ ಯವ್ವಾ. ಹೋಗಿಲ್ಲ ಅಂತ ತಿಳಿದು ಮತ್ತ ಡೋಸ್ ತಿರುವಿ ಇನ್ನೊಮ್ಮಿ ಚುಚ್ಚಿಕೊಂಡೆ" ಎಂದ, ತಪ್ಪು ಮಾಡಿದವನ ಹಾಗೆ.

ಕೇಸ್ ಶೀಟಿನಲ್ಲಿ ಡಾಕ್ಟರು 'ರೋಗಿಯ ತಪ್ಪಿನಿಂದ' ಎಂದು ಬರೆದರು. ಕಂಪನಿಯವನಿಗೆ ಫೋನು ಮಾಡಿದೆ. "ಬೀಪ್ ಜೋರಾಗೇ ಐತಲ್ಲ ಮೇಡಂ?" ಎಂದ.

"ಒಮ್ಮಿ ಬನಹಟ್ಟಿಗೆ ಬಂದು ಮಗ್ಗದ ಮುಂದ ನಿಂತು ಕೇಳ್ರಿ" ಎಂದು ಫೋನಿಟ್ಟೆ. ಸಿಟ್ಟೇನೋ ಛಲೋ ಇತ್ತು. ಆದರೆ ಅವನು ಬನಹಟ್ಟಿ ಕಂಡವನಲ್ಲ. ನಾನು ಆ ಮಗ್ಗದ ಸದ್ದಿನಲ್ಲೇ ತೊಟ್ಟಿಲಲ್ಲಿ ಮಲಗಿದವಳು. ನನಗೂ ಹೊಳೆಯಲಿಲ್ಲವಲ್ಲ, ಅದೇ ಸುಡುತ್ತಿತ್ತು.

ಅಪ್ಪನನ್ನು ಮನೆಗೆ ಕರೆತಂದ ಮರುದಿನ ಬೆಳಿಗ್ಗೆ ಹಳೆಯ ಪೆನ್ನನ್ನೇ ತೆಗೆದು ನಾನೇ ಚುಚ್ಚಿದೆ. ಜಮಖಂಡಿಗೆ ಹೋಗುವ ಏಳೂವರೆಯ ಬಸ್ಸಿಗೆ ಹತ್ತೇ ನಿಮಿಷ ಉಳಿದಿತ್ತು.

"ಆತು ಅಪ್ಪಾ" ಎಂದು ಕೂಗಿ ಹೇಳಿ ಎದ್ದೆ. ಅಪ್ಪ ಅಂಗಿ ಕೆಳಗಿಳಿಸಲಿಲ್ಲ. ಎಡಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ಹಾಗೇ ಕೂತಿದ್ದ. ಏನನ್ನು ಕಾಯುತ್ತಿದ್ದಾನೆಂದು ತಿಳಿಯಲು ನನಗೆ ಹೊತ್ತು ಹಿಡಿಯಿತು.

ಮತ್ತೆ ಕೂತು ಅವನ ಮಣಿಕಟ್ಟಿನ ಮೇಲೆ ಎರಡು ಬೆರಳಿಂದ ತಟ್ಟಿದೆ. ಅವ್ವನ ನೆನಪು ಒತ್ತಿಕೊಂಡು ಬಂತು.

ಅಪ್ಪ ಕಣ್ಣು ಮುಚ್ಚಿದ್ದ.

"ತಟ್ಟಿದ ಮ್ಯಾಲ ನಿಮ್ಮವ್ವ ಕೂಡ್ಲೇ ಏಳತಿದ್ದಿಲ್ಲ" ಎಂದ. "ಕೈ ಹಿಡ್ಕೊಂಡು ಒಂದೀಟು ಕೂಡತಿದ್ಲು."

ನಾನು ಕೈ ಹಿಡಿದು ಕೂತೆ. ಹೊರಗೆ ಏಳೂವರೆಯ ಬಸ್ಸು ಹಾರ್ನ್ ಹೊಡೆದುಕೊಂಡು ಹೋಯಿತು. ಅಪ್ಪನಿಗೆ ಅದು ಕೇಳಿಸಲಿಲ್ಲ, ನಾನೂ ಹೇಳಲಿಲ್ಲ.