ಹೊಸ ಹಲಗೆ

ಮೇಜಿನ ಮೇಲಿನ ಬಟ್ಟೆ ಸರಿಸಿದವಳು ಅದನ್ನು ಕೈಯಲ್ಲೇ ಹಿಡಿದು ನಿಂತಳು. ಅಲ್ಲಿದ್ದದ್ದು ಅವಳ ಹಲಗೆಯಲ್ಲ. ಹದಿನೆಂಟು ವರ್ಷ ದಿನವೂ ಒರೆಸಿ, ತುದಿಯ ರಾಟೆಗೆ ಎಣ್ಣೆ ಬಿಟ್ಟು, ವಿದ್ಯಾರ್ಥಿಗಳ ಮುಂದೆ ತಂದಿಡುತ್ತಿದ್ದ ಹಲಗೆ ಎಲ್ಲಿ ಸವೆದಿದೆ, ಎಲ್ಲಿ ಸಿಬಿರೆದ್ದಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲಳು. ಇದು ಹೊಸದು. ಇನ್ನೂ ಮರದ ಹಸಿ ವಾಸನೆ ಹೋಗಿರಲಿಲ್ಲ.

ಭೌತಶಾಸ್ತ್ರದ ಲ್ಯಾಬಿನಲ್ಲಿ ಅವಳು ಅಟೆಂಡರ್. ಮಕ್ಕಳ ಬಾಯಲ್ಲಿ ಲ್ಯಾಬ್ ಅಕ್ಕ. ಲ್ಯಾಬ್ ಸಹಾಯಕರು ನಿವೃತ್ತರಾಗಿ ಮೂರು ವರ್ಷವಾಗಿತ್ತು. ಅವರ ಕೆಲಸವನ್ನೆಲ್ಲ ಇವಳೇ ಮಾಡುತ್ತಿದ್ದಳು, ಹುದ್ದೆ ಮಾತ್ರ ಖಾಲಿ ಇತ್ತು. ಅದಕ್ಕಾಗಿ ಇಲಾಖೆ ನಡೆಸುವ ಪರೀಕ್ಷೆಯಲ್ಲಿ ಬರಹದ ಭಾಗ ಹೇಗೋ ದಾಟಿದ್ದಳು. ಹಿಂದಿನ ಎರಡು ಸಲವೂ ಕೈಕೊಟ್ಟದ್ದು ಪ್ರಯೋಗದ ನಂತರದ ಮೌಖಿಕ ಪ್ರಶ್ನೆ. ಇವತ್ತಿನದು ಮೂರನೆಯ ಸಲ. ಮುಂದಿನ ವರ್ಷ ವಯಸ್ಸು ಮೀರುತ್ತಿತ್ತು.

ಈ ಪ್ರಯೋಗ ಬಂದರೆ ಸಾಕು ಎಂದು ಹರಸಿಕೊಂಡವಳೂ ಅವಳೇ. ಹಲಗೆಯ ಮೇಲೆ ಪುಟ್ಟ ಮರದ ಪೆಟ್ಟಿಗೆ, ಅದರೊಳಗೆ ಹಿತ್ತಾಳೆಯ ತೂಕಗಳು. ಪೆಟ್ಟಿಗೆಗೆ ಕಟ್ಟಿದ ದಾರ ರಾಟೆಯ ಮೇಲಿಂದ ಇಳಿದು ಒಂದು ತಟ್ಟೆಯನ್ನು ಹಿಡಿದಿರುತ್ತದೆ. ಪೆಟ್ಟಿಗೆ ಜಾರುವವರೆಗೂ ತಟ್ಟೆಗೆ ತೂಕ ಹಾಕುತ್ತಾ ಹೋಗಬೇಕು. ಎಳೆದ ತೂಕವನ್ನು ಪೆಟ್ಟಿಗೆಯ ತೂಕದಿಂದ ಭಾಗಿಸಿದರೆ ಬರುವ ಘರ್ಷಣೆಯ ಗುಣಾಂಕವೇ ಉತ್ತರ. ಆ ಲ್ಯಾಬಿನಲ್ಲಿ ಉತ್ತರ ಯಾವತ್ತೂ ಪಾಯಿಂಟ್ ಮೂರು ಎರಡು. ಪರೀಕ್ಷೆಯಲ್ಲಿ ಕಂಗೆಟ್ಟ ಎಷ್ಟು ಮಕ್ಕಳ ಕಿವಿಯಲ್ಲಿ ಅವಳು ಅದನ್ನು ಉಸುರಿದ್ದಳೋ ಲೆಕ್ಕವಿಲ್ಲ. ಅದು ಏನೆಂದು ಮಾತ್ರ ಅವಳಿಗೆ ಗೊತ್ತಿರಲಿಲ್ಲ.

ಒಂದು ತಿಂಗಳಿಂದ ಮಗಳು ಪಾಠ ಹೇಳುತ್ತಿದ್ದಳು. ಮೇಜು ಪುಸ್ತಕವನ್ನು ಮೇಲಕ್ಕೆ ತಳ್ಳುತ್ತದೆ, ಅದೇ ನಾರ್ಮಲ್ ಫೋರ್ಸ್ ಎಂದರೆ ಇವಳಿಗೆ ನಗು ಬರುತ್ತಿತ್ತು.

"ಕೈಯಿಲ್ಲ ಕಾಲಿಲ್ಲ, ಮೇಜು ಅದ್ಹೇಗೆ ತಳ್ಳುತ್ತೆ?"

"ತಳ್ಳದಿದ್ರೆ ಪುಸ್ತಕ ನೆಲಕ್ಕೆ ಬೀಳ್ಬೇಕಿತ್ತಲ್ಲಮ್ಮ."

ಮಗಳು ಹತ್ತು ಸಲ ಹೇಳಿ, ಹನ್ನೊಂದನೆಯ ಸಲ ಪೆನ್ನು ಕೆಳಗಿಟ್ಟು, ತೂಕ ಎಷ್ಟೋ ನಾರ್ಮಲ್ ಫೋರ್ಸ್ ಅಷ್ಟೇ ಅಂತ ಬಾಯಿಪಾಠ ಮಾಡಿಬಿಡು ಅಂದಿದ್ದಳು. ಇವಳು ಬಾಯಿಪಾಠ ಮಾಡಿದ್ದಳು.

ಈಗ ಪೆಟ್ಟಿಗೆಯ ತೂಕ ಅರ್ಧ ಕಿಲೋಗೆ ಸರಿಮಾಡಿ ತಟ್ಟೆಗೆ ಒಂದೊಂದೇ ತೂಕ ಹಾಕತೊಡಗಿದಳು. ನೂರಾ ಅರವತ್ತು ಗ್ರಾಮಿಗೆ ಜಾರಬೇಕಿತ್ತು. ಜಾರಲಿಲ್ಲ. ನೂರಾ ಎಂಬತ್ತು. ಇನ್ನೂರು. ಪೆಟ್ಟಿಗೆ ಹಟ ಹಿಡಿದ ಮಗುವಿನ ಹಾಗೆ ಕೂತೇ ಇತ್ತು. ದಾರ ಎಲ್ಲಾದರೂ ಸಿಕ್ಕಿಕೊಂಡಿದೆಯೇ ಎಂದು ನೋಡಿದಳು, ರಾಟೆ ತಿರುಗಿಸಿ ನೋಡಿದಳು. ಎಲ್ಲ ಸರಿಯಾಗಿತ್ತು. ಇನ್ನೂರ ಇಪ್ಪತ್ತೈದಕ್ಕೆ ಪೆಟ್ಟಿಗೆ ಸರಕ್ಕನೆ ಮುಂದೆ ಹೋಯಿತು.

ಪರೀಕ್ಷಕರು ಆಚೆ ಮೇಜಿನಲ್ಲಿ ಬೆನ್ನು ಮಾಡಿ ಕೂತಿದ್ದರು. ಅವಳಿಗಿಂತ ಹತ್ತು ವರ್ಷ ಚಿಕ್ಕವರು, ಮಾತು ಕಡಿಮೆ. ನೂರಾ ಅರವತ್ತು ಎಂದು ಬರೆದುಬಿಟ್ಟರೆ ಕೇಳುವವರು ಯಾರು? ಪೆನ್ನಿನ ತುದಿ ಕಾಗದಕ್ಕೆ ತಾಗಿತು. ಆದರೆ ಹಲಗೆ ಅವರು ತಂದದ್ದು. ಅದರ ಉತ್ತರ ಅವರಿಗೆ ಗೊತ್ತಿಲ್ಲದೆ ಇದ್ದೀತೆ?

ಕಂಡದ್ದನ್ನೇ ಬರೆದಳು. ಆಮೇಲೆ ಪೆಟ್ಟಿಗೆಗೆ ಇನ್ನೂ ಅರ್ಧ ಕಿಲೋ ಹಾಕಿ ಮೊದಲಿಂದ ಶುರುಮಾಡಿದಳು. ಈ ಸಲ ಜಾರಿದ್ದು ನಾನೂರ ಐವತ್ತಕ್ಕೆ. ಭಾಗಿಸಿದಳು. ಎರಡು ಸಲವೂ ಪಾಯಿಂಟ್ ನಾಲ್ಕು ಐದು. ಭಾರ ಎರಡರಷ್ಟಾದರೆ ಹಿಡಿತವೂ ಎರಡರಷ್ಟು. ಇಂಥ ಪಟ್ಟಿಗಳನ್ನು ಸಾವಿರ ನೋಡಿದ್ದಳು, ಆದರೆ ಓದಿರಲಿಲ್ಲ. ತೂಕಗಳನ್ನು ತೆಗೆದು, ಖಾಲಿ ಪೆಟ್ಟಿಗೆಯ ಮೇಲೆ ಒಂದು ಬೆರಳಿಟ್ಟು ಒತ್ತಿ, ದಾರ ಎಳೆದಳು. ಅಲ್ಲಾಡಲಿಲ್ಲ. ಬೆರಳು ತೆಗೆದು ಎಳೆದಳು, ಬಂತು. ಇನ್ನೊಮ್ಮೆ ಒತ್ತಿದಳು. ಬೆರಳಿನ ತುದಿಗೆ, ಪೆಟ್ಟಿಗೆಯ ಮೂಲಕ, ಹಲಗೆ ತಿರುಗಿ ಒತ್ತುತ್ತಿತ್ತು.

ಪರೀಕ್ಷಕರು ಬಂದು ಕಾಗದ ನೋಡಿದರು. ಹಲಗೆಯ ಒಂದು ತುದಿಯನ್ನು ಎತ್ತಿ ಹಿಡಿದರು.

"ಈಗ ನಾರ್ಮಲ್ ಫೋರ್ಸ್ ಎಷ್ಟು?"

"ತೂಕದಷ್ಟೇ ಸರ್."

ಹೇಳಿ ಮುಗಿಸುವ ಮೊದಲೇ ತಪ್ಪೆಂದು ತಿಳಿಯಿತು. ಅವರು ಹಲಗೆ ಇಳಿಸಿ ಪೆನ್ನು ತೆಗೆದರು. ಹೋದ ಎರಡು ಸಲವೂ ಹೀಗೇ ಪೆನ್ನು ತೆಗೆದಿದ್ದರು ಬೇರೆ ಇಬ್ಬರು ಪರೀಕ್ಷಕರು.

"ಸರ್, ಒಂದ್ಸಲ ಕೈಯಿಟ್ಟು ನೋಡ್ಲಾ?"

ಅವರು ತಲೆಯಾಡಿಸಿದರು. ಅವಳು ಪೆಟ್ಟಿಗೆಗೆ ಮತ್ತೆ ತೂಕ ತುಂಬಿ, ಎಡ ಅಂಗೈಯನ್ನು ಹಲಗೆಯ ಮೇಲೆ ಚಾಚಿ, ಅದರ ಮೇಲೆ ಒಂದು ಕಿಲೋದ ಪೆಟ್ಟಿಗೆ ಇಟ್ಟು, ಬಲಗೈಯಿಂದ ಹಲಗೆಯನ್ನು ನಿಧಾನ ಎತ್ತಿದಳು. ಮೊದಲು ಅಂಗೈಯ ಮೇಲೆ ಪೂರ್ತಿ ಭಾರ. ಎತ್ತಿದಷ್ಟೂ ಒತ್ತುವುದು ಸಡಿಲವಾಗಿ, ಪೆಟ್ಟಿಗೆ ಬೆರಳುಗಳ ಕಡೆಗೆ ಜಗ್ಗತೊಡಗಿತು. ಬೆರಳು ಮಡಚಿ ತಡೆದಳು.

"ಮೊದ್ಲು ಹೇಳಿದ್ದು ತಪ್ಪು ಸರ್. ಹಲಗೆ ಮಲಗಿದ್ದಾಗ ಪೂರ್ತಿ ಭಾರ ಅದ್ರ ಮೇಲೇ. ಎತ್ತಿದ್ರೆ ಸ್ವಲ್ಪ ಭಾರ ಕೆಳಗೆ ಜಾರಿಸೋಕೆ ಹೋಗುತ್ತೆ. ಹಲಗೆ ಮೇಲೆ ಒತ್ತೋದು ಕಮ್ಮಿ. ಪೆಟ್ಟಿಗೆ ಕಮ್ಮಿ ಒತ್ತಿದ್ರೆ ಹಲಗೇನೂ ಕಮ್ಮಿ ತಳ್ಳುತ್ತೆ."

"ಘರ್ಷಣೆ?"

"ಎಷ್ಟು ಹಿಡ್ಕೋಬಹುದೋ ಅದೂ ಕಮ್ಮಿಯಾಗ್ತಾ ಬರುತ್ತೆ. ಎಳೆತ ಜಾಸ್ತಿಯಾಗ್ತಾ ಹೋಗುತ್ತೆ. ಒಂದು ಹಂತದಲ್ಲಿ ತಡ್ಕೊಳ್ಳೋಕಾಗಲ್ಲ."

ಅವರು ಅವಳ ಕೈಯನ್ನೇ ನೋಡಿದರು. ಆಮೇಲೆ ಅಂಕಪಟ್ಟಿಯನ್ನು ತಮ್ಮ ಕಡೆ ಓರೆಯಾಗಿ ಹಿಡಿದು ಏನೋ ಬರೆದರು. ಬರೆದು, ಹೊಡೆದುಹಾಕಿ, ಮತ್ತೆ ಬರೆದರು. ಎಷ್ಟೆಂದು ಕಾಣಲಿಲ್ಲ. ಆಯಿತು ಎಂದಷ್ಟೇ ಹೇಳಿದರು.

ಅವಳು ಅಭ್ಯಾಸಬಲದಿಂದ ತಟ್ಟೆ ಬಿಚ್ಚಿ, ದಾರ ಸುತ್ತಿ, ತೂಕಗಳನ್ನು ಒಟ್ಟುಮಾಡತೊಡಗಿದಳು.

"ಅದನ್ನ ಅಲ್ಲೇ ಬಿಡಿ," ಎಂದರು ಅವರು ತಲೆಯೆತ್ತದೆ. "ಎತ್ತಿಡೋದು ಇವತ್ತು ನಿಮ್ಮ ಕೆಲಸ ಅಲ್ಲ."

ಸುತ್ತಿದ ದಾರವನ್ನು ಮೇಜಿನ ಮೇಲಿಟ್ಟು ಹೊರಗೆ ಬಂದಳು. ಕಾರಿಡಾರಿನಲ್ಲಿ ಮುಂದಿನವರು ಒಬ್ಬೊಬ್ಬರೇ ಬಾಯೊಳಗೆ ಏನೋ ಹೇಳಿಕೊಳ್ಳುತ್ತಾ ಕೂತಿದ್ದರು. ಖಾಲಿ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ಬಾಗಿಲ ಪಕ್ಕದಲ್ಲೇ ನಿಂತಳು. ಒಳಗೆ ಪರೀಕ್ಷಕರೇ ತೂಕಗಳನ್ನು ಒಂದೊಂದಾಗಿ, ಬಹಳ ನಿಧಾನವಾಗಿ, ಡಬ್ಬಕ್ಕೆ ಹಾಕುತ್ತಿದ್ದ ಸದ್ದು ಕೇಳಿಸುತ್ತಿತ್ತು.