ಕೆಡಿಸಿದ್ದು ಯಾರು

"ದರಿದ್ರ ಮುಂಡೆ, ಕಸ ಹೊಡಿ ಅಂದ್ರೆ ಕಂಪ್ಯೂಟರ್‌ಗೇ ಕೈ ಹಾಕ್ತೀಯಾ?"

ಸಾಹೇಬರು ಹಾಗೆ ಎಗರಾಡಿದ್ದು ನನ್ನ ನಾದಿನಿ ಗುಬ್ಬಿಯ ಮೇಲೆ. ನಾವಿಬ್ಬರೂ ಆ ಕಚೇರಿಯ ನೆಲ ಒರೆಸುವವರು. ಹಿಂದಿನ ಸಂಜೆ ಅವಳು ಅವರ ಮೇಜಿನ ಧೂಳು ಹೊಡೆದಿದ್ದಳು. ಬೆಳಿಗ್ಗೆ ಅವರು ಫೈಲು ತೆರೆದರೆ ಪರದೆಯ ತುಂಬ ಅಕ್ಷರಗಳ ಬದಲು ಬರೀ ಚೌಕಗಳು, ಪ್ರಶ್ನೆಚಿಹ್ನೆಗಳು. ವರ್ಷವಿಡೀ ಬರೆದಿಟ್ಟ ವರದಿ ಅದು. ಮಧ್ಯಾಹ್ನ ಅದನ್ನು ನೋಡಲು ಮೇಲಿನವರು ಬರುವವರಿದ್ದರು.

ಬಟ್ಟೆಯಿಂದ ಹೊರಮೈ ಒರೆಸಿದ್ದು ಬಿಟ್ಟರೆ ತಾನೇನೂ ಮಾಡಿಲ್ಲವೆಂದು ಗುಬ್ಬಿ ಎಷ್ಟು ಹೇಳಿದರೂ ಕೇಳುವವರಿರಲಿಲ್ಲ. ಗುಮಾಸ್ತರು ತಲೆಯೆತ್ತಿ ನೋಡಿದರು, ಮತ್ತೆ ತಲೆ ತಗ್ಗಿಸಿದರು. ನಮ್ಮನ್ನು ಕೆಲಸಕ್ಕೆ ಹಚ್ಚಿದ ಮೇಸ್ತ್ರಿ ಓಡಿಬಂದು, ಫೈಲು ಸರಿಹೋಗದಿದ್ದರೆ ನಾಳೆಯಿಂದ ಇಬ್ಬರೂ ಈ ಕಡೆ ತಲೆ ಹಾಕಬೇಡಿ ಎಂದ. ಗುಬ್ಬಿಯನ್ನು ಬಾಗಿಲಾಚೆ ನಿಲ್ಲಿಸಿದರು. ಹೋಗಿಬರುವವರೆಲ್ಲ ಕಳ್ಳಿಯನ್ನು ನೋಡಿದಂತೆ ನೋಡಿಕೊಂಡು ಹೋದರು.

ನನಗೂ ಒಳಗೊಳಗೇ ಅವಳ ಮೇಲೆ ಸಿಟ್ಟಿತ್ತು. ಇಬ್ಬರ ಕೆಲಸವೂ ಹೋದರೆ ಮನೆಯ ಒಲೆ ಹೊತ್ತುವುದು ಹೇಗೆ?

"ಕಾಲು ಹಿಡ್ಕೊಂಡ್ಬಿಡೇ. ತಪ್ಪಾಯ್ತು ಅನ್ನು," ಎಂದೆ.

"ಮಾಡ್ದಿರೋ ತಪ್ಪಿಗಾ, ಅತ್ಗೆ?"

ಅಷ್ಟರಲ್ಲಿ ರಿಪೇರಿಯವನು ಬಂದ. ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದ. ಚೌಕಗಳು ಕದಲಲಿಲ್ಲ. ಬೇರೆ ಹಳೆಯ ಫೈಲುಗಳನ್ನು ತೆರೆದ. ಅವುಗಳದ್ದೂ ಅದೇ ಪಾಡು. ಹೊಸದಾಗಿ ಏನಾದರೂ ಹಾಕಿಸಿದಿರಾ ಎಂದು ಕೇಳಿದ. ನಿನ್ನೆ ತಮ್ಮ ಅಳಿಯ ಬಂದು ಹೊಸ ಸಾಫ್ಟ್‌ವೇರ್ ಹಾಕಿಕೊಟ್ಟು ಹೋದನೆಂದು ಸಾಹೇಬರು ಗೊಣಗಿದರು.

"ಹಂಗಾದ್ರೆ ಅಕ್ಷರ ತೋರ್ಸೋ ಹಳೇ ಫಾಂಟ್ ಅವ್ರೇ ತೆಗ್ದುಹಾಕಿದಾರೆ, ಸಾರ್. ಫೈಲಿಗೇನೂ ಆಗಿಲ್ಲ."

ಅವನು ಅದೇನನ್ನೋ ಮತ್ತೆ ಕೂರಿಸಿದ. ಚೌಕಗಳಿದ್ದಲ್ಲಿ ಸಾಲುಸಾಲಾಗಿ ಅಕ್ಷರಗಳು ಮೂಡಿದವು. ಸಾಹೇಬರು ಉಸಿರು ಬಿಟ್ಟು ಮುಂದಕ್ಕೆ ಬಾಗಿದರು. ಮೊಣಕೈ ತಾಗಿ ಮೇಜಿನ ಮೇಲಿದ್ದ ನೀರಿನ ಜಗ್ಗು ಉರುಳಿತು.

"ಏಯ್, ಬಂದು ಒರ್ಸು," ಎಂದರು ಬಾಗಿಲ ಕಡೆಗೆ, ಏನೂ ನಡೆದೇ ಇಲ್ಲವೆಂಬಂತೆ.

ಗುಬ್ಬಿ ಒಳಗೆ ಬಂದಳು. ಬಂದವಳೇ ಸಾಹೇಬರ ಎದುರಿನ ಕುರ್ಚಿ ಎಳೆದು ಕೂತಳು. ಎರಡೂ ಕೈಗಳನ್ನು ಮಡಿಲಲ್ಲಿ ಒತ್ತಿ ಹಿಡಿದಿದ್ದಳು.

"ಎಲ್ರ ಮುಂದೆ ಬೈದ್ರಲ್ಲ, ಎಲ್ರ ಮುಂದೇನೇ ಹೇಳಿ. ಕೆಡ್ಸಿದ್ದು ಇವ್ಳಲ್ಲ ಅಂತ."

ಸಾಹೇಬರ ಮುಖ ಕೆಂಪಾಯಿತು. ಮೇಸ್ತ್ರಿ ನನ್ನ ಕಡೆ ಕಣ್ಣು ಕೆಕ್ಕರಿಸಿ, ನೆಲದತ್ತ ಗದ್ದದಲ್ಲೇ ಸನ್ನೆ ಮಾಡಿದ. ಒರೆಸುವ ಕೋಲು ನನ್ನ ಕೈಯಲ್ಲೇ ಇತ್ತು. ಒಂದು ಹೆಜ್ಜೆ ಮುಂದಿಟ್ಟೆ ಕೂಡ. ಗುಬ್ಬಿ ತಿರುಗಿ ನೋಡಲಿಲ್ಲ.

ಕೋಲನ್ನು ಗೋಡೆಗೆ ಒರಗಿಸಿ, ಅವಳ ಪಕ್ಕದ ಕುರ್ಚಿ ಎಳೆದುಕೊಂಡು ನಾನೂ ಕೂತೆ. ನೀರು ಮೇಜಿನಂಚಿನಿಂದ ತೊಟ್ಟಿಕ್ಕುತ್ತ, ನೆಲದ ಮೇಲಿದ್ದ ವೈರುಗಳ ಕಡೆಗೆ ಹರಿಯುತ್ತಿತ್ತು.