ಪಾಳಿ ತಪ್ಪಿಸುವ ಆಪ್ಶನ್

ಗೋಕಾಕದ ಬಾಜೂ ಇದ್ದ ಒಂದು ಸಕ್ಕರೆ ಕಾರ್ಖಾನೆಯ ಕಂಪ್ಯೂಟರ್ ಕೋಣೆಯಲ್ಲಿ ಶುಭಾಂಗಿ ಕೆಲಸಕ್ಕಿದ್ದಳು. ಯಾರ ಕಬ್ಬು ಯಾವಾಗ ಕಡಿಯಬೇಕು ಎಂಬ ಪಾಳಿಯ ಪಟ್ಟಿ ಅವಳೇ ಬರೆದ ಪರ್ಲ್ ಸ್ಕ್ರಿಪ್ಟ್ ಎಂಬ ಸಣ್ಣ ಪ್ರೋಗ್ರಾಮಿನಿಂದ ಹೊರಬೀಳುತ್ತಿತ್ತು. ಸ್ಕ್ರಿಪ್ಟಿನ ಹೆಸರಿನ ಮುಂದೆ ಅಡ್ಡಗೆರೆ ಎಳೆದು 'ಜಿ' ಒತ್ತಿ ಊರ ಹೆಸರು ಕೊಟ್ಟರೆ ಆ ಊರಿನ ಪಟ್ಟಿ, 'ಡಿ' ಒತ್ತಿ ತಾರೀಖು ಕೊಟ್ಟರೆ ಆ ದಿನದ್ದು. ಇವೇ ಅದರ ಆಪ್ಶನ್‌ಗಳು; ಗುರುತಿಲ್ಲದ ಅಕ್ಷರ ಕೊಟ್ಟರೆ ಅದು ಅಲ್ಲೇ ನಿಂತುಬಿಡುತ್ತಿತ್ತು. ಮೊದಲು ಹಚ್ಚಿದ, ಅಂದರೆ ಮೊದಲು ನೆಟ್ಟ, ಕಬ್ಬಿಗೆ ಮೊದಲ ಪಾಳಿ ಎಂಬುದನ್ನು ಬದಲಿಸುವ ಆಪ್ಶನ್ ಮಾತ್ರ ಇರಲಿಲ್ಲ.

2004ರ ಡಿಸೆಂಬರಿನಲ್ಲಿ ಕಬ್ಬಿನ ಅಧಿಕಾರಿ ಧನ್ಯಕುಮಾರ ತನಗೆ ಬೇಕಾದ ಹನ್ನೊಂದು ಮಂದಿ ರೈತರ ಹೆಸರಿನ ಚೀಟಿ ಹಿಡಿದು ಬಂದ.

"ಅಡ್ಡಗೆರಿ 'ಎಂ' ಅಂತ ಒಂದು ಆಪ್ಶನ್ ಹಾಕು. ಅದನ್ನ ಕೊಟ್ರ ಈ ಮಂದಿ ಮ್ಯಾಲ ಬರಬೇಕು."

"ಇವರು ಹಚ್ಚಿದ್ದು ಈ ವರ್ಷ ಜನವರಿಗೆ ರಿ. ಮಸಗುಪ್ಪಿ ಊರವರದು ಹ್ವಾದ ವರ್ಷ ಜುಲೈದು, ಒಣಗಾಕತ್ತೈತಿ."

"ಅದು ನಿನಗ ಯಾಕ? ಹೇಳಿದಷ್ಟ ಮಾಡು."

ಮಮದಾಪುರದಲ್ಲಿ ತನ್ನ ಅಪ್ಪನ ಕಬ್ಬು ಪಾಳಿ ತಡವಾಗಿ ಹೂಬಿಟ್ಟು ಬೆಂಡಾಗಿದ್ದನ್ನು ಶುಭಾಂಗಿ ಕಣ್ಣಾರೆ ಕಂಡಿದ್ದಳು. ಆದರೂ ಕೂತು 'ಎಂ' ಸೇರಿಸಿದಳು. ಅದರ ಕೆಳಗೆ ಯಾರೂ ಕೇಳದ ನಾಲ್ಕು ಸಾಲನ್ನೂ ಬರೆದಳು.

ಧನ್ಯಕುಮಾರ ತನ್ನ ಹೆಸರಿನಲ್ಲೇ ಕಂಪ್ಯೂಟರಿಗೆ ಲಾಗಿನ್ ಆಗಿ 'ಎಂ' ಆಪ್ಶನ್ ಕೊಟ್ಟ. ತನ್ನವರ ಹೆಸರು ಮೇಲೆ ಬಂದದ್ದನ್ನು ಪರದೆಯ ಮೇಲೆ ನೋಡಿ, ಪ್ರಿಂಟ್ ಕೊಟ್ಟು ಎದ್ದುಹೋದ. ಆಫೀಸಿನ ಸಿಪಾಯಿ ಪ್ರಿಂಟರಿನಿಂದ ಹಾಳೆ ಹರಿದುಕೊಂಡು ಬೋರ್ಡಿಗೆ ಅಂಟಿಸಿದ.

ಮರುದಿನ ಬೆಳಿಗ್ಗೆ ಮಸಗುಪ್ಪಿಯ ರೈತ ಸತ್ತೆಪ್ಪ, ಪರದೆಯಲ್ಲಿ ಕಾಣದೆ ಹಾಳೆಯ ಮೇಲಷ್ಟೇ ಮೂಡಿದ್ದ ತಲೆಬರಹವನ್ನು ಗಟ್ಟಿಯಾಗಿ ಓದಿದ: "ಹನ್ನೊಂದು ಹೆಸರು ಪಾಳಿ ತಪ್ಪಿಸಿ ಮೇಲೆ ತಂದಿದೆ. ಆಪ್ಶನ್ ಕೊಟ್ಟವರು, ಧನ್ಯಕುಮಾರ." ನೋಡನೋಡುತ್ತ ನಲವತ್ತು ಮಂದಿ ಕೂಡಿದರು. ಗೇಟಿನ ಮುಂದೆ ಟ್ರ್ಯಾಕ್ಟರು ಅಡ್ಡ ನಿಂತವು.

ಧನ್ಯಕುಮಾರ ಕೋಣೆಗೆ ನುಗ್ಗಿದ. "ಆ ಸಾಲು ತಗಿ!"

"ಸಾಲು ಬ್ಯಾಡಾದ್ರ ಆಪ್ಶನ್ ಕೊಡಬ್ಯಾಡ್ರಿ. ನೀವು ಕೊಟ್ಟದ್ದನ್ನಷ್ಟ ಅದು ಹೇಳೈತಿ."

"ನೌಕರಿ ಮ್ಯಾಲ ಆಸೆ ಇಲ್ಲೇನು?"

"ಐತ್ರಿ." ಅವಳು ಕುರ್ಚಿಯಿಂದ ಏಳಲಿಲ್ಲ. "ಆದ್ರ ಸಾಲು ತಗಿಯೂದಿಲ್ಲ."

ಹೊರಗಿನ ಗದ್ದಲ ಮಧ್ಯಾಹ್ನವಾದರೂ ಇಳಿಯಲಿಲ್ಲ. ಕಡೆಗೆ ಆ ಪಟ್ಟಿ ಹರಿದು, 'ಎಂ' ಇಲ್ಲದೆ ತೆಗೆದ ಪಟ್ಟಿ ಹಚ್ಚಿದರು. ಮುಂದಿನ ಸೋಮವಾರ ಶುಭಾಂಗಿಯನ್ನು ಕಂಪ್ಯೂಟರ್ ಕೋಣೆಯಿಂದ ತೆಗೆದು, ಹೊರಗೆ ಕಬ್ಬಿನ ಗಾಡಿ ತೂಗುವ ಕಾಟಾಕ್ಕೆ ಹಾಕಿದರು.

ಕಬ್ಬಿನ ಟ್ರ್ಯಾಕ್ಟರ್ ತಂದ ಸತ್ತೆಪ್ಪ ಅವಳನ್ನು ಅಲ್ಲಿ ಕಂಡು ಮೋರೆ ಸಣ್ಣದು ಮಾಡಿದ. "ನಮ್ಮ ಸಲುವಾಗಿ ಇಲ್ಲಿ ಬಂದಿ ಏನವ್ವಾ? ಬ್ಯಾಸರಾಗಿರಬೇಕು."

"ಕಣ್ಣಾಗ ಧೂಳ ಬೀಳತೈತಿ ಕಾಕಾ," ಎಂದು ಅವಳು ನಕ್ಕಳು. "ಅಷ್ಟ."